ಹೆಬ್ಬೆರಳ ನಾಡಿ

ರೈಲು ಶಿವಮೊಗ್ಗ ಬಿಟ್ಟು ರಾಗಿಗುಡ್ಡ ಕಿಟಕಿಯ ಹಿಂದಕ್ಕೆ ಸರಿಯುವ ಹೊತ್ತಿಗೆ ಗುಲಾಮ್ ಮೊಹಿದ್ದೀನನಿಗೆ ತನ್ನ ಹೆಬ್ಬೆರಳು ಬಡಿದುಕೊಳ್ಳುತ್ತಿರುವುದು ಗೊತ್ತಾಯಿತು. ತೊಡೆಯ ಮೇಲೆ ಬುತ್ತಿಯ ಡಬ್ಬಿ, ಅದರ ಅಂಚನ್ನು ಒತ್ತಿ ಹಿಡಿದ ಬಲಗೈ ಬೆರಳು, ಬೆರಳಿನೊಳಗೆ ಯಾರೋ ಮೆಲ್ಲಗೆ ತಟ್ಟುತ್ತಿರುವ ಹಾಗೆ. ನಲವತ್ನಾಲ್ಕು ವರ್ಷ ಈ ಬೆರಳನ್ನು ಹೊತ್ತು ತಿರುಗಿದ್ದಾನೆ. ಎಲೆಗೆ ಸುಣ್ಣ ಸವರಿದ್ದಾನೆ, ಔಷಧಿ ಬಾಟಲಿಗಳ ಬಿರಡೆ ಒತ್ತಿದ್ದಾನೆ, ಮಗಳ ಕೆನ್ನೆಗಿಳಿದ ಕಾಡಿಗೆ ಒರೆಸಿದ್ದಾನೆ. ಒಂದು ದಿನವಾದರೂ ಅದು ತನ್ನ ಇರವನ್ನು ಹೀಗೆ ಸಾರಿ ಹೇಳಿರಲಿಲ್ಲ. ಡಬ್ಬಿಯನ್ನು ಎಡಗೈಗೆ ಬದಲಾಯಿಸಿದ. ಎಡಗೈ ಹೆಬ್ಬೆರಳೂ ಬಡಿಯತೊಡಗಿತು. ಎದುರಿನ ಸೀಟಿನಲ್ಲಿ ಕುಳಿತಿದ್ದ ಮುದುಕ ತನ್ನನ್ನೇ ನೋಡುತ್ತಿದ್ದಾನೆ ಅನ್ನಿಸಿ, ಡಬ್ಬಿಯನ್ನು ಕಾಲ ಬಳಿ ಇಟ್ಟು, ಕೈಗಳೆರಡನ್ನೂ ಕೋಟಿನ ಜೇಬಿಗೆ ಇಳಿಬಿಟ್ಟ. ಜೇಬಿನಲ್ಲೂ ಅದು ಸುಮ್ಮನಿರಲಿಲ್ಲ. ಹೊರಡುವಾಗ ಹೆಂಡತಿ ಫಿರೋಜಾ ಬಾಗಿಲಲ್ಲಿ ನಿಂತು, 'ನಿಮ್ಮ ಹೆಸರು ಅಚ್ಚಾಗುತ್ತಂತಲ್ಲ, ಆ ಕಾಗದ ನಮ್ಗೂ ಒಂದು ಕೊಡ್ತಾರಾ?' ಎಂದು ಕೇಳಿದ್ದಳು. ಅಕ್ಕಪಕ್ಕದ ನಾಲ್ಕು ಮನೆಗೆ ಆಗಲೇ ಸುದ್ದಿ ಮುಟ್ಟಿಸಿಯೂ ಆಗಿತ್ತು. ಕೊಡ್ತಾರೆ ಎಂದು ಹೇಳಿ ಬಂದಿದ್ದ.

ನಿನ್ನೆ ಮಧ್ಯಾಹ್ನ ಶುರುವಾದದ್ದು ಈ ಸಂಕಟ. ನಿನ್ನೆ ಡಾಕ್ಟರ್ ಪದ್ಮಮ್ಮ ನಗುತ್ತಿದ್ದರು. ಭದ್ರಾವತಿಯ ಕಾರ್ಖಾನೆಯ ದವಾಖಾನೆಗೆ ಅವರು ಬಂದು ಎರಡು ವರ್ಷ. ಈ ಎರಡು ವರ್ಷದಲ್ಲಿ ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ಮೊಹಿದ್ದೀನ್ ನೋಡಿದ್ದೇ ಕಡಿಮೆ. 'ನೋಡಿ ಮೊಹಿದ್ದೀನ್ ಸಾಬ್ರೇ, ವಿಚಿತ್ರ ನೋಡಿ. ಫ್ಯಾನ್ ಕೆಳಗೆ ಕೂತ ಗುಮಾಸ್ತರಿಗಿಂತ ಭಟ್ಟಿ ಮುಂದೆ ನಿಂತೋರ ರಕ್ತನಾಳವೇ ಮೆತ್ತಗಿದೆ. ಹೀಗಿರುತ್ತೆ ಅಂತ ಯಾರೂ ಬರೆದಿಲ್ಲ. ವರದಿಯಲ್ಲಿ ನಿಮ್ಮ ಹೆಸರೂ ಅಚ್ಚಾಗುತ್ತೆ.' ಅವರ ಮೇಜಿನ ಮೇಲೆ ಎರಡು ಪಟ್ಟಿಗಳಿದ್ದವು. ಒಂದರಲ್ಲಿ ಅರವತ್ತು ಗುಮಾಸ್ತರು, ಇನ್ನೊಂದರಲ್ಲಿ ಭಟ್ಟಿಯ ನೂರಾ ನಲವತ್ತು ಮಂದಿ. ಗುಮಾಸ್ತರನ್ನು ಅಳೆದವನು ಬೆಂಗಳೂರಿನಿಂದ ಯಂತ್ರದ ಜೊತೆಗೇ ಬಂದಿದ್ದ ಸಹಾಯಕ. ಮೂರು ವಾರ ಇದ್ದು, ನೀರು ಒಗ್ಗಲಿಲ್ಲವೆಂದು ಗೊಣಗಿಕೊಂಡು ಹೊರಟುಹೋದ. ಭಟ್ಟಿಯವರನ್ನು ಅಳೆದವನು ಇದೇ ಗುಲಾಮ್ ಮೊಹಿದ್ದೀನ್, ಇಪ್ಪತ್ತು ವರ್ಷದಿಂದ ಅದೇ ದವಾಖಾನೆಯಲ್ಲಿ ಗಾಯ ಕಟ್ಟುತ್ತ, ಕೆಮ್ಮಿನ ಔಷಧಿ ಬೆರೆಸುತ್ತ ಬಂದ ಕಾಂಪೌಂಡರು.

ಯಂತ್ರವೆಂದರೆ ಹೆದರುವಂಥದ್ದೇನಲ್ಲ. ಮನುಷ್ಯ ಬೆಂಚಿನ ಮೇಲೆ ಅಂಗಾತ ಮಲಗಬೇಕು. ರಬ್ಬರು ಹೊದಿಸಿದ ಎರಡು ಪುಟ್ಟ ಹಿತ್ತಾಳೆ ಬಟ್ಟಲು, ಒಂದು ಕುತ್ತಿಗೆಗೆ, ಒಂದು ತೊಡೆಸಂದಿಗೆ, ಪಟ್ಟಿಯಿಂದ ಬಿಗಿಯುವಂಥದ್ದು. ಎರಡರಿಂದಲೂ ಕೊಳವೆ ಹೊರಟು ಎರಡು ಕಡ್ಡಿಗಳನ್ನು ಕುಣಿಸುತ್ತವೆ. ಕಡ್ಡಿಗಳು ತಿರುಗುವ ಉರುಳೆಗೆ ಸುತ್ತಿದ ಮಸಿಕಾಗದದ ಮೇಲೆ ಗೀರುತ್ತವೆ. ಕೆಳಗೆ ಶ್ರುತಿಕವೆಯೊಂದು ಝೇಂಕರಿಸುತ್ತ ಸೆಕೆಂಡಿಗೆ ನೂರರಂತೆ ಸಣ್ಣ ಸಣ್ಣ ಅಲೆ ಬರೆಯುತ್ತದೆ. ಕುತ್ತಿಗೆಯ ಬಡಿತಕ್ಕೂ ತೊಡೆಯ ಬಡಿತಕ್ಕೂ ನಡುವೆ ಎಷ್ಟು ಅಲೆ ಎಂದು ಎಣಿಸಿದರೆ ಆಯಿತು. ಮೊದಲ ದಿನ ಪದ್ಮಮ್ಮ ದವಾಖಾನೆಯ ಹಿತ್ತಲಿಗೆ ಕರೆದುಕೊಂಡು ಹೋಗಿ ಬಟ್ಟೆ ಒಣಹಾಕುವ ಹಗ್ಗ ಜಗ್ಗಿ ತೋರಿಸಿದ್ದರು. ಹಗ್ಗ ಸಡಿಲಿದ್ದರೆ ಈ ತುದಿಯ ಕುಲುಕು ಆ ತುದಿಗೆ ನಿಧಾನಕ್ಕೆ ಹೋಗುತ್ತದೆ, ಬಿಗಿಯಾಗಿದ್ದರೆ ಸರ್ರೆಂದು ಓಡುತ್ತದೆ. 'ನಾಳಾನೂ ಹಾಗೇ. ಎಂಟು, ಒಂಬತ್ತು ಅಲೆ ಬಂದ್ರೆ ಮೆತ್ತಗಿದೆ. ಐದಕ್ಕಿಂತ ಕಡಿಮೆ ಬಂದ್ರೆ ಗಡುಸಾಗಿದೆ. ಅಂಥೋರ ಎದೆ ಇನ್ನೈದೋ ಹತ್ತೋ ವರ್ಷದಲ್ಲಿ ಕೈ ಕೊಡಬಹುದು. ಬಿದ್ದ ಮೇಲೆ ಎತ್ಕೊಂಡು ಬರ್ತಾರಲ್ಲ, ಅದಕ್ಕೆ ಮುಂಚೇನೇ ನಮಗೆ ಗೊತ್ತಾಗ್ಬೇಕು.' ಆ ದಿನ ಅವರ ಮುಖ ನೋಡಿ ಮೊಹಿದ್ದೀನನಿಗೆ ಗೌರವ ಬಂದಿತ್ತು. ಈಗಲೂ ಇದೆ. ಇರುವುದೇ ಕಷ್ಟವಾಗಿದೆ.

ಹೆಂಗಸು ಡಾಕ್ಟರು ಇದ್ದ ಕೋಣೆಯಲ್ಲಿ ಭಟ್ಟಿಯವರು ಪಂಚೆ ಸಡಿಲಿಸುವ ಮಾತೇ ಇರಲಿಲ್ಲ. ಪದ್ಮಮ್ಮ ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದರು. ಆದರೆ ಮೊದಲನೆಯವನಾಗಿ ಬಂದ ಭೂತಪ್ಪ ಮೊಹಿದ್ದೀನನ ಎದುರಿಗೂ ಪಂಚೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಒರಗಿಬಿಟ್ಟ. ಉರಿಯುವ ಕಬ್ಬಿಣದ ಮುಂದೆ ನಿಲ್ಲುವ ಆಳು, ಹಿತ್ತಾಳೆ ಬಟ್ಟಲಿಗೆ ಬೆವರಿದ. ಮೊಹಿದ್ದೀನನಿಗೆ ಅವನ ಮೇಲೆ ಮರುಕ ಹುಟ್ಟಿತು. ಬಟ್ಟಲನ್ನು ಅವನ ಕೈಗೇ ಕೊಟ್ಟು, 'ನೀನೇ ಇಟ್ಕೊ ಮಾರಾಯ. ಬಡಿತ ಸಿಕ್ಕಿದ ಕಡೆ ಒತ್ತಿ ಹಿಡ್ಕೊ. ನಾನು ಆ ಕಡೆ ತಿರುಗಿರ್ತೀನಿ' ಎಂದ. ತಿರುಗಿ ಗೋಡೆಯ ಕ್ಯಾಲೆಂಡರು ನೋಡುತ್ತ ಉರುಳೆಯ ಕೀಲಿ ಬಿಟ್ಟ. ಸುದ್ದಿ ಭಟ್ಟಿಗೆ ಹೋಯಿತು. ಸಾಬರು ಮರ್ಯಾದಸ್ಥರು, ಮುಖ ತಿರುಗಿಸ್ತಾರೆ. ಆಮೇಲೆ ಬಂದವರೆಲ್ಲ ತಾವಾಗಿಯೇ ಕೈ ಚಾಚಿ ಬಟ್ಟಲು ಇಸಿದುಕೊಂಡರು. ನೂರಾ ನಲವತ್ತು ಸಲ ಅವನು ಅದೇ ಕ್ಯಾಲೆಂಡರು ನೋಡಿದ, ನೂರಾ ನಲವತ್ತು ಸಲವೂ ತಾನು ಒಳ್ಳೆಯ ಮನುಷ್ಯ ಎಂದು ಅನ್ನಿಸಿತು. ಆ ಸುಖವನ್ನು ಈಗ ನೆನೆದರೆ ರೈಲಿನ ಸೀಟಿನಲ್ಲಿ ಕೂತಲ್ಲೇ ಕಿವಿ ಬಿಸಿಯಾಗುತ್ತದೆ.

ಮುಖ ತಿರುಗಿಸುವುದನ್ನು ಅವನಿಗೆ ಕಲಿಸಿದವರು ಅಬ್ಬಾ. ಶಿವಮೊಗ್ಗದ ಹಳೆಯ ಬೀದಿಯಲ್ಲಿ ಹಕೀಮರಾಗಿದ್ದವರು. ಪರದೆಯ ಹಿಂದಿನಿಂದ ಹೆಂಗಸರ ಕೈ ಬರುತ್ತಿತ್ತು, ಮುಂಗೈಯಷ್ಟೇ, ಬಳೆ ಮೇಲಕ್ಕೆ ಸರಿಸಿದ ಕೈ. ಅಬ್ಬಾ ಮುಖವನ್ನು ಗೋಡೆಯ ಗೂಡಿನ ಕಡೆಗೆ ತಿರುಗಿಸಿ, ಮೂರು ಬೆರಳಿಟ್ಟು, ಕಣ್ಣು ಮುಚ್ಚುತ್ತಿದ್ದರು. ಹತ್ತು ವರ್ಷದ ಮೊಹಿದ್ದೀನ್ ತಾನೂ ಗೂಡಿನ ಕಡೆ ತಿರುಗುತ್ತಿದ್ದ. 'ಮೂರೇ ಬೆರಳು. ಹೆಬ್ಬೆರಳು ದೂರ ಇಡು ಬೇಟಾ. ಅದಕ್ಕೆ ಅದರದೇ ನಾಡಿ ಇದೆ. ರೋಗಿ ಸತ್ತುಹೋದ್ರೂ ಅದು ಬಡೀತಾನೇ ಇರುತ್ತೆ.' ಒಂದು ಸಲ ಮದುವೆಯಾಗಿ ಮೂರು ತಿಂಗಳಾಗಿದ್ದ ಸಲೀಮಾ ಎಂಬ ಹುಡುಗಿಗೆ ಜ್ವರವೆಂದು ಕರೆದಿದ್ದರು. ಪರದೆಯಿಂದ ಬಂದ ಕೈ ಒರಟಾಗಿತ್ತು, ಬೀಸುವ ಕಲ್ಲು ತಿರುಗಿಸಿ ಗಂಟುಕಟ್ಟಿದ ಅಂಗೈ. ಹೊಸ ಸೊಸೆ ನಾಚಿಕೊಂಡಳೆಂದು ಓರಗಿತ್ತಿ ತನ್ನ ಕೈ ಚಾಚಿದ್ದಳು. ಅಬ್ಬಾನ ಬೆರಳುಗಳು ಆ ಗಂಟುಗಳ ಮೇಲೆ ಒಂದು ಗಳಿಗೆ ನಿಂತವು. ಆಮೇಲೆ ಏನೂ ಆಗದವರಂತೆ ಷರಬತ್ತು ಬರೆದುಕೊಟ್ಟರು. ದಾರಿಯಲ್ಲಿ ಮಗ ಕೇಳಿದ್ದಕ್ಕೆ, 'ಪರದೆ ಎತ್ತಿ ನೋಡೋಕಾಗುತ್ತಾ?' ಎಂದಷ್ಟೇ ಹೇಳಿದರು. ಸಲೀಮಾ ಬದುಕಿದಳೋ ಇಲ್ಲವೋ ಮನೆಯಲ್ಲಿ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಅಬ್ಬಾನ ಹೆಬ್ಬೆರಳ ಮಾತು ಕಾಡಿ, ದವಾಖಾನೆಯ ಬಾಗಿಲು ಹಾಕಿಕೊಂಡು ಅವನು ತಾನೇ ಬೆಂಚಿನ ಮೇಲೆ ಮಲಗಿದ. ಬಟ್ಟಲನ್ನು ಸೊಂಟದ ಪಟ್ಟಿಯಿಂದ ಬಿಗಿದು ಒಮ್ಮೆ ಬರೆಸಿದ. ಆಮೇಲೆ ಪಟ್ಟಿ ತೆಗೆದು, ಭೂತಪ್ಪ ಹಿಡಿಯುತ್ತಿದ್ದ ಹಾಗೆ, ರಬ್ಬರಿನ ಅಂಚಿಗೆ ಹೆಬ್ಬೆರಳು ಒತ್ತಿ ಹಿಡಿದು ಬರೆಸಿದ. ಪಟ್ಟಿ ಕಟ್ಟಿದಾಗ ಏಳು ಅಲೆ. ಹೆಬ್ಬೆರಳಲ್ಲಿ ಹಿಡಿದಾಗ ಹತ್ತು. ನಾಲ್ಕು ಸಲ ಮಾಡಿದ, ನಾಲ್ಕು ಸಲವೂ ಅಷ್ಟೇ. ಎದೆಯಿಂದ ತೋಳು ದಾಟಿ ಬೆರಳ ತುದಿಗೆ ಬರುವ ಬಡಿತಕ್ಕೆ ದಾರಿ ದೂರ. ತಡವಾಗಿ ಬರುತ್ತದೆ. ತಡವಾಗಿ ಬಂದದ್ದಕ್ಕೆ ಪದ್ಮಮ್ಮನವರ ಪಟ್ಟಿಯಲ್ಲಿ ಮೆತ್ತಗೆ ಎಂಬ ಹೆಸರು. ಭಟ್ಟಿಯವರ ನಾಳ ಮೆತ್ತಗಿರಲಿಲ್ಲ. ಅವರು ತಮ್ಮ ಹೆಬ್ಬೆರಳನ್ನು ಅಳೆಸಿಕೊಂಡು ಹೋಗಿದ್ದರು.

ಗೊತ್ತಿಲ್ಲದೆ ಆದದ್ದು ಎಂದು ಹೇಳಿಕೊಳ್ಳಬಹುದಿತ್ತು, ಬೀರಪ್ಪ ಇಲ್ಲದಿದ್ದರೆ. ಬೀರಪ್ಪ, ಕರಗಿದ ಕಬ್ಬಿಣ ಹರಿಸಲು ಭಟ್ಟಿಯ ಬಾಯಿ ತೆರೆಯುವ ಗುಂಪಿನ ಮೇಸ್ತ್ರಿ. ಹದಿನೈದು ವರ್ಷದ ಹಿಂದೆ ಅವನ ಸುಟ್ಟ ಕಾಲಿಗೆ ಎರಡು ತಿಂಗಳು ದಿನಾ ಪಟ್ಟಿ ಕಟ್ಟಿದವನು ಮೊಹಿದ್ದೀನ್. ಅಂದಿನಿಂದ ಗೆಳೆತನ. ಅವನ ಕಾಗದ ಉರುಳೆಯಿಂದ ಬಿಚ್ಚಿದಾಗ ಮೊಹಿದ್ದೀನ್ ನೋಡಿದ್ದ. ಕುತ್ತಿಗೆಯ ಗೀರು ಮೊನಚಾಗಿತ್ತು, ತೊಡೆಯದು ತಗ್ಗಾಗಿ ಉಣ್ಣೆಯ ಎಳೆಯಂತೆ ಮಂಕಾಗಿತ್ತು. ಅದು ತೊಡೆಯ ದೊಡ್ಡ ನಾಳದ ಬರಹವಲ್ಲ ಎಂದು ಹಕೀಮರ ಮಗನಿಗೆ ಆ ಗಳಿಗೆಯಲ್ಲೇ ಗೊತ್ತಾಗಿತ್ತು. ಗೊತ್ತಾದದ್ದು ಮನಸ್ಸಿನ ಒಳಗೆ ಬರುವ ಮೊದಲೇ ಅವನು ಅದರ ಬಾಗಿಲು ಹಾಕಿಕೊಂಡ. ಒಂಬತ್ತು ಅಲೆ ಎಣಿಸಿದ, ಹೊರಗೆ ಓಡಿ, 'ನಿಂದು ಹದಿನೆಂಟರ ಹುಡುಗನ ನರ ಕಣೋ' ಎಂದುಬಿಟ್ಟ. ಬೀರಪ್ಪ ಅದನ್ನು ಪೇಟೆಯೆಲ್ಲ ಹೇಳಿಕೊಂಡು ಬಂದ. ಅವನ ಹೆಂಡತಿ ಲಿಂಗಮ್ಮ ಕಡುಬು ಮಾಡಿ ಕಳಿಸಿದಳು. ಕಡುಬು ತಿಂದದ್ದೂ ಆಯಿತು. ಕಳೆದ ವಾರ ಸ್ಟೇಷನ್ನಿನ ಮೆಟ್ಟಿಲಲ್ಲಿ ಅದೇ ಬೀರಪ್ಪ ಅರ್ಧಕ್ಕೆ ನಿಂತು, ಬೀಡಿ ಹಚ್ಚುವ ನೆಪ ಮಾಡಿ ಉಸಿರು ಎಳೆದುಕೊಂಡದ್ದನ್ನು ಮೊಹಿದ್ದೀನ್ ಕೆಳಗಿನಿಂದ ನೋಡಿದ. ಬೀಡಿಗೆ ಬೆಂಕಿ ಹತ್ತಿರಲಿಲ್ಲ. ಆಗಲೂ ಮುಖ ತಿರುಗಿಸಿದ.

ರೈಲಿಳಿದು ಹೋದಾಗ ದವಾಖಾನೆಗೆ ಪದ್ಮಮ್ಮ ಆಗಲೇ ಬಂದಿದ್ದರು. ಮಧ್ಯಾಹ್ನದ ಟಪಾಲಿಗೆ ವರದಿ ಹೋಗಬೇಕು. ಇಟ್ಟಿಗೆ ಬದಲಾಯಿಸಲು ತಿಂಗಳಿಂದ ಆರಿಸಿದ್ದ ಭಟ್ಟಿಗೆ ಸೋಮವಾರ ಬೆಂಕಿ ಬೀಳುತ್ತದೆ, ಯಾರು ಯಾರು ಭಟ್ಟಿಗೆ ಇಳಿಯಬಹುದು ಎಂಬ ಪಟ್ಟಿಗೂ ಇವತ್ತೇ ರುಜು. 'ನೂರಾ ನಲವತ್ತರಲ್ಲಿ ಗಡುಸು ಮೂರೇ ಜನ ಸಾಬ್ರೇ. ಅವರ್ನ ಗೇಟಿಗೆ ಹಾಕಿದ್ರಾಯ್ತು. ಉಳಿದೋರೆಲ್ಲ ಇಳೀಲಿ' ಎಂದು ಹೇಳಿ, ವರದಿಯ ಕೊನೆಯ ಹಾಳೆಯನ್ನು ಅವನ ಕಡೆ ತಿರುಗಿಸಿದರು. ಟೈಪು ಮಾಡಿದ ಅಕ್ಷರಗಳಲ್ಲಿ ಅವನ ಪೂರ್ತಿ ಹೆಸರಿತ್ತು. ಅಳತೆಗಳನ್ನು ಅತ್ಯಂತ ಶ್ರದ್ಧೆಯಿಂದ ತೆಗೆದವರು ಎಂದಿತ್ತು. ಅವನು ಓದಿದ. ಇನ್ನೊಂದು ಸಲ ಓದಿದ. ಜನ್ಮದಲ್ಲಿ ಯಾರೂ ಅವನ ಹೆಸರನ್ನು ಅಚ್ಚಿಗೆ ಕಳಿಸಿರಲಿಲ್ಲ. ಅಬ್ಬಾನ ಗದ್ದಿಗೆಯಲ್ಲಿ ಕೂರಲಾರದೆ ಕಾಂಪೌಂಡರಾದ ಮಗ ಎಂದು ಮನೆತನದವರೆಲ್ಲ ಆಡಿಕೊಂಡದ್ದು ನೆನಪಾಯಿತು. 'ಅಮ್ಮಾ, ಒಂದು ವಿಷಯ...' ಎಂದ. 'ಹೇಳಿ, ಹೆಸರಿನ ಸ್ಪೆಲ್ಲಿಂಗ್ ತಪ್ಪಾಗಿದೆಯಾ?' ಎಂದು ಅವರು ಪೆನ್ನು ತೆಗೆದುಕೊಂಡರು. 'ಇಲ್ಲ, ಸರಿಯಾಗಿದೆ' ಎಂದು ಹೇಳಿ ಹೊರಗೆ ಬಂದು, ಯಾವ ಕಾರಣವೂ ಇಲ್ಲದೆ ಸ್ಪಿರಿಟ್ಟಿನ ಬಾಟಲಿಗಳನ್ನು ಒರೆಸತೊಡಗಿದ. ತನ್ನ ಬಗ್ಗೆ ಅವನಿಗೆ ಹೇಸಿಗೆಯಾಯಿತು. ಹೇಸಿಗೆಯ ಒಳಗೂ ಆ ಟೈಪಿನ ಅಕ್ಷರ ಹೊಳೆಯುತ್ತಿತ್ತು, ಅದು ಇನ್ನೂ ಕೆಟ್ಟದಾಗಿ ಕಂಡಿತು.

ಹತ್ತು ಗಂಟೆಗೆ ಬೀರಪ್ಪ ಬಂದ. ಒಗೆದ ಪಂಚೆ, ತಲೆಗೆ ಎಣ್ಣೆ. ಮಾವನ ಮನೆಗೆ ಹೊರಟವನ ಹಾಗೆ. 'ಎಲ್ಲಿ ಸಾಬ್ರೆ, ನನ್ನ ಚೀಟಿ ಕೊಡ್ರಿ. ಸೋಮವಾರ ಮೊದಲ್ನೇ ಬಾಯಿ ನಾನೇ ತೆಗೀಬೇಕು ಅಂತ ಹುಡುಗ್ರೆಲ್ಲ ಕಾಯ್ತಿದಾರೆ.' ಮೊಹಿದ್ದೀನ್ ಒರೆಸುತ್ತಿದ್ದ ಬಾಟಲಿಯನ್ನು ಕೆಳಗಿಟ್ಟ. ಭಟ್ಟಿಗೆ ಇಳಿಯಬಹುದೆಂಬ ಚೀಟಿ ಡ್ರಾಯರಿನಲ್ಲಿತ್ತು, ರುಜುವೂ ಆಗಿತ್ತು. ಕೊಟ್ಟರೆ ಮುಗಿಯಿತು. ಅವನ ಬಾಯಿಂದ ಬಂದದ್ದು ಬೇರೆ ಮಾತು.

'ಇನ್ನೊಂದ್ಸಲ ಮಲಕ್ಕೋ ಬೀರಪ್ಪ. ನೋಡ್ಬೇಕು.'

'ಯಾಕೆ, ಹದಿನೆಂಟು ಹೋಗಿ ಹದಿನಾರು ಆಗಿದೆಯಾ ಅಂತಾನಾ?' ಬೀರಪ್ಪ ನಕ್ಕು ಪರದೆಯ ಹಿಂದೆ ಹೋದ. ಬೆಂಚಿನ ಮೇಲೆ ಚಾಚಿ ಮಲಗಿ, ಅಭ್ಯಾಸದಂತೆ ಬಟ್ಟಲಿಗೆ ಕೈ ನೀಡಿದ. ಮೊಹಿದ್ದೀನ್ ಕೊಡಲಿಲ್ಲ. ದೀಪದ ಹೊಗೆಗೆ ಹಿಡಿದು ಮಸಿ ಕಟ್ಟಿಸಿದ ಹೊಸ ಕಾಗದ ಉರುಳೆಗೆ ಸುತ್ತಿ, ಕುತ್ತಿಗೆಯ ಬಟ್ಟಲು ಕಟ್ಟಿ, ಇನ್ನೊಂದನ್ನು ಹಿಡಿದು ಅಲ್ಲೇ ನಿಂತ.

'ತಿರುಗು ಮಾರಾಯ.'

'ತಿರುಗಲ್ಲ.'

ಬೀರಪ್ಪನ ಮುಖದ ನಗೆ ಇಳಿಯಿತು. 'ಏನಿದು ಹೊಸದು? ಎಲ್ರಿಗೂ ತಿರುಗ್ತಿದ್ದೆಯಲ್ಲ.'

'ಅದೇ ತಪ್ಪಾಗಿರೋದು. ಪಂಚೆ ಸಡಿಲ್ಸು.' ತನ್ನ ದನಿ ಒರಟಾಗಿ ಕೇಳಿ ಅವನಿಗೇ ನಾಚಿಕೆಯಾಯಿತು. ನಲವತ್ತಾರು ವರ್ಷದ ಗಂಡಸು, ಮೂವತ್ತು ಆಳಿಗೆ ಮೇಸ್ತ್ರಿ, ಗೋಡೆಯ ಕಡೆ ಮುಖ ಮಾಡಿ ಗಂಟು ಬಿಚ್ಚಿದ. ಅವನ ಕಣ್ಣಂಚಿನಲ್ಲಿ ನೀರಿತ್ತೋ, ಬೆವರೋ. ಈ ಸಲ ಕ್ಯಾಲೆಂಡರು ನೋಡುತ್ತಿದ್ದವನು ಬೀರಪ್ಪ. ಮೊಹಿದ್ದೀನ್ ಮೂರು ಬೆರಳಿಟ್ಟು ತಡಕಿದ. ಯಂತ್ರ ಬೇಕಾಗಿಯೇ ಇರಲಿಲ್ಲ. ಬೆರಳ ಕೆಳಗೆ ನಾಳ ಬಳುಕಲಿಲ್ಲ, ಒಣಗಿದ ಹುರಿಯಂತೆ ಹಾಗೇ ಎದ್ದು ಹಾಗೇ ಬಿತ್ತು. ಬಟ್ಟಲು ಇಟ್ಟು ಪಟ್ಟಿ ಬಿಗಿದು ಕೀಲಿ ಬಿಟ್ಟ. ಶ್ರುತಿಕವೆ ಝೇಂಕರಿಸಿತು. ಎರಡೂ ಕಡ್ಡಿಗಳು ಹೆಚ್ಚುಕಡಿಮೆ ಒಟ್ಟಿಗೇ ಎದ್ದವು.

ಎಣಿಸಿದ. ಭೂತಗನ್ನಡಿ ಹಿಡಿದು ಎಣಿಸಿದ. ಹೆಚ್ಚಾದರೆ ಒಳ್ಳೆಯದಿತ್ತು ಎಂದು ದೇವರನ್ನು ಕೇಳಿಕೊಂಡೇ ಎಣಿಸಿದ.

'ಎಷ್ಟು?' ಬೀರಪ್ಪ ಎದ್ದು ಕುಳಿತಿದ್ದ.

'ನಾಲ್ಕು.'

'ಅವತ್ತು ಒಂಬತ್ತಿತ್ತು.'

'ಅವತ್ತಿನದು ನಿನ್ನ ಹೆಬ್ಬೆರಳದು. ಬಟ್ಟಲು ಹಿಡ್ದಿದ್ಯಲ್ಲ, ಆ ಬೆರಳು. ಇದು ನಿಂದು.' ಆಮೇಲೆ, ಹೇಳದೆ ಇದ್ದರೂ ನಡೆಯುತ್ತಿದ್ದುದನ್ನು ಹೇಳಿದ. 'ನಂಗೆ ಅವತ್ತೇ ಅನುಮಾನ ಬಂದಿತ್ತು ಬೀರಪ್ಪ. ಸುಮ್ನಿದ್ದೆ.'

ಬೀರಪ್ಪ ತನ್ನ ಬಲಗೈಯನ್ನು ಮುಖದ ಹತ್ತಿರ ತಂದು ಹೆಬ್ಬೆರಳನ್ನು ನೋಡಿದ. ಕಿಡಿ ಹಾರಿ ಹಾರಿ ಉಗುರು ಅರ್ಧ ಹೋಗಿದ್ದ ಬೆರಳು. ಹೊರಗೆ ಯಾರೋ ಕೆಮ್ಮಿನ ಔಷಧಿಗೆ ಬಾಟಲಿ ಬಡಿದು ಕರೆದು, ಉತ್ತರವಿಲ್ಲದೆ ಹೋದರು. 'ಮೆಟ್ಟಿಲು ಹತ್ತೋಕಾಗ್ತಿಲ್ಲ' ಎಂದ ಬೀರಪ್ಪ, ಬೆರಳಿಗೆ ಹೇಳುವವನಂತೆ. 'ದೀಪಾವಳಿ ಆದಾಗಿಂದ. ಲಿಂಗಮ್ಮನಿಗೂ ಹೇಳಿಲ್ಲ. ನೀನು ಹದಿನೆಂಟು ಅಂದ ಮೇಲೆ, ಇದೆಲ್ಲ ನನ್ನ ಭ್ರಮೆ ಅನ್ಕೊಂಡೆ.' ಆ ಮಾತು ಮೊಹಿದ್ದೀನನಿಗೆ ಕೆನ್ನೆಗೆ ಹೊಡೆದದ್ದಕ್ಕಿಂತ ಹೆಚ್ಚಾಗಿ ತಾಗಿತು. ಮನುಷ್ಯ ತನ್ನ ಎದೆ ಹೇಳಿದ್ದನ್ನು ಬಿಟ್ಟು ಮೊಹಿದ್ದೀನನ ಮಾತನ್ನು ನಂಬಿದ್ದ.

'ಇದು ಯಾರಿಗೆ ಗೊತ್ತು?'

'ನಂಗೆ, ನಿಂಗೆ. ಡಾಕ್ಟರಮ್ಮನಿಗೆ ಈಗ ಹೇಳ್ಬೇಕು.'

'ಹೇಳಿದ್ರೆ ಗೇಟಲ್ಲಿ ಕೂರಿಸ್ತಾರೆ. ಬಂದೋರಿಗೆಲ್ಲ ಸಲಾಂ ಹೊಡ್ಕೊಂಡು.' ಬೀರಪ್ಪ ಬೆಂಚಿನಿಂದಿಳಿದು ಉರುಳೆಯ ಹತ್ತಿರ ಬಂದ. ಬಿಚ್ಚಿದ ಕಾಗದ ಮೇಜಿನ ಮೇಲಿತ್ತು, ಇನ್ನೂ ಅರಗಿನ ನೀರಿನಲ್ಲಿ ಅದ್ದಿರಲಿಲ್ಲ. ಅರಗಿಗೆ ಅದ್ದಿ ಒಣಗಿಸುವ ತನಕ ಮಸಿ ಹಸಿ. ಬೆರಳಾಡಿಸಿದರೆ ಸಾಕು, ಏನು ಬರೆದಿದ್ದರೂ ಹೋಗುತ್ತದೆ. ರುಜು ಹಾಕಲು ಬಾರದ ಭಟ್ಟಿಯವರು ಕಾಗದದ ಮೂಲೆಯ ಮಸಿಗೇ ಹೆಬ್ಬೆಟ್ಟು ಒತ್ತಿ ತಮ್ಮದೆಂದು ಗುರುತು ಮಾಡುವುದು ರೂಢಿ, ಹಾಗಾಗಿ ಬೀರಪ್ಪನಿಗೂ ಅದು ತಿಳಿದಿತ್ತು. ಅವನ ಕೈ ಮುಂದೆ ಬಂತು. ಹೆಬ್ಬೆರಳು ಆ ನಾಲ್ಕು ಅಲೆಗಳ ನೇರಕ್ಕೆ, ಒಂದು ಅಕ್ಕಿಕಾಳಿನಷ್ಟು ಮೇಲೆ ನಿಂತಿತು. ಮೊಹಿದ್ದೀನನಿಗೆ ತಡೆಯಬೇಕೆನ್ನಿಸಿತು, ತಡೆಯಲು ತನಗೆ ಯಾವ ಹಕ್ಕಿದೆ ಎಂದೂ ಅನ್ನಿಸಿತು. ಕುತ್ತಿಗೆ ತಾನಾಗಿಯೇ ಕ್ಯಾಲೆಂಡರಿನ ಕಡೆ ಹೊರಳತೊಡಗಿತು. ಹೊರಳಲು ಬಿಡಲಿಲ್ಲ. ಬೀರಪ್ಪನ ಬೆರಳನ್ನೇ ನೋಡುತ್ತ ನಿಂತ.

ಬೆರಳು ನಿಧಾನವಾಗಿ ಬಲಕ್ಕೆ ಸರಿದು, ಮೂಲೆಗೆ ಹೋಗಿ, ಒತ್ತಿತು. ಕರಿಯ ಕಾಗದದಲ್ಲಿ ಬೀರಪ್ಪನ ಹೆಬ್ಬೆಟ್ಟಿನ ಗೆರೆಗಳು ಬೆಳ್ಳಗೆ ಎದ್ದುವು.

'ಹೋಗು' ಎಂದ ಬೀರಪ್ಪ. ಪಂಚೆಯ ಗಂಟು ಬಿಗಿಮಾಡಿಕೊಳ್ಳುತ್ತಿದ್ದ.

ಕಾಗದವನ್ನು ಅರಗಿನ ನೀರಿನಲ್ಲಿ ಅದ್ದಿ, ಹನಿಯುತ್ತಿದ್ದ ಹಾಗೆಯೇ ಎರಡೂ ತುದಿ ಹಿಡಿದು ಮೊಹಿದ್ದೀನ್ ಪದ್ಮಮ್ಮನವರ ಕೋಣೆಗೆ ಹೋದ. ಅವರು ವರದಿಯನ್ನು ಲಕೋಟೆಗೆ ಹಾಕಿ ಗೋಂದು ಹಚ್ಚುತ್ತಿದ್ದರು. ನಿಂತೇ ಹೇಳಿದ, ಭೂತಪ್ಪನಿಂದ ಶುರುಮಾಡಿ, ನಿನ್ನೆಯ ಏಳು ಮತ್ತು ಹತ್ತು, ಇವತ್ತಿನ ನಾಲ್ಕು. ಬೀರಪ್ಪನ ಕಾಗದ ನೋಡಿದ ದಿನವೇ ಅನುಮಾನ ಬಂದದ್ದನ್ನೂ ಬಿಡಲಿಲ್ಲ. ಅವರ ಮುಖ ಬಣ್ಣಗೆಟ್ಟಿತು. ಎರಡು ವರ್ಷದ ಕೆಲಸ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ.

'ಎಷ್ಟು ಜನಕ್ಕೆ ಮುಖ ತಿರುಗಿಸಿದ್ರಿ?'

'ನೂರಾ ನಲವತ್ತಕ್ಕೂ.'

ಪದ್ಮಮ್ಮ ಲಕೋಟೆಯ ಒದ್ದೆ ಅಂಚನ್ನು ಮತ್ತೆ ಬಿಡಿಸಿ, ವರದಿಯನ್ನು ಹೊರಗೆ ತೆಗೆದು, ಮೇಜಿನ ಮೇಲೆ ಬೋರಲು ಹಾಕಿದರು. ಭಟ್ಟಿಗೆ ಇಳಿಯುವವರ ಪಟ್ಟಿಯನ್ನೂ ಅದರ ಮೇಲೆ ಹಾಗೇ ಇಟ್ಟರು. 'ಸೋಮವಾರದ ಒಳಗೆ ಎಷ್ಟು ಜನ ಆಗುತ್ತೆ?' ಎಂದು ಕೇಳಿದರು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಾಗ ಬಾಗಿಲಲ್ಲಿ ಬೀರಪ್ಪ ನಿಂತಿದ್ದ. ಒಳಗೆ ಬರಲಿಲ್ಲ. ಹೊಸ್ತಿಲಾಚೆಯಿಂದ ಡಾಕ್ಟರಮ್ಮನಿಗೆ ಕೈ ಮುಗಿದು, ಅವರನ್ನು ನೋಡದೆ ಮೊಹಿದ್ದೀನನನ್ನೇ ನೋಡುತ್ತ ಹೇಳಿದ.

'ನಮ್ಮೋರನ್ನ ನಾನು ಕರ್ಕೊಂಡು ಬರ್ತೀನಿ. ನಾಚ್ಕೋತಾರೆ, ಬೈತಾರೆ. ಬೈಸ್ಕೋ.'

ಅಷ್ಟು ಹೇಳಿ ಅವನು ವರಾಂಡದ ಮೆಟ್ಟಿಲಿಳಿದ. ಗೇಟಿನ ಕಡೆ ನಡೆಯುತ್ತ ಅರ್ಧ ದಾರಿಯಲ್ಲಿ ನಿಂತ. ಈ ಸಲ ಬೀಡಿ ತೆಗೆಯುವ ನೆಪ ಮಾಡಲಿಲ್ಲ. ಸೊಂಟಕ್ಕೆ ಕೈ ಕೊಟ್ಟು, ಬಾಯಿ ತೆರೆದು, ಎಲ್ಲರಿಗೂ ಕಾಣುವ ಹಾಗೆ ಉಸಿರಾಡಿದ. ಮೊಹಿದ್ದೀನ್ ಕಿಟಕಿಯಿಂದ, ಅವನು ಮತ್ತೆ ನಡೆಯುವ ತನಕ, ನೋಡಿದ.